ಎಕ್ಸೈಲ್ ಆನ್ ಮೇನ್ ಸ್ಟ್ರೀಟ್: ಗಾಯಕನನ್ನು ಹುಡುಕಬೇಡಿ, ಡ್ರಮ್ಸ್ ಹಿಡಿಯಿರಿ

ಪ್ರಶ್ನೆ: ಸಿನಿಮಾ ಹಾಡು, ಭಾವಗೀತೆ ಕೇಳಿ ಬೆಳೆದವನು ನಾನು. ಈಚೆಗೆ ಬ್ಲೂಸ್ ಮತ್ತು ರೂಟ್ಸ್ ರಾಕ್ ಹುಚ್ಚು ಹಿಡಿದಿದೆ. ರೋಲಿಂಗ್ ಸ್ಟೋನ್ಸ್ ತಂಡದ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಕೇಳಲೇಬೇಕಾದ ಆಲ್ಬಂ ಎಂದು ಎಲ್ಲೆಡೆ ಓದಿ, ಕೇಳಿದೆ. ನಿಜ ಹೇಳುತ್ತೇನೆ, ಒಂದು ಸಾಲೂ ಕಿವಿಗೆ ಸ್ಪಷ್ಟವಾಗಿ ಬೀಳಲಿಲ್ಲ. ವಾದ್ಯಗಳೆಲ್ಲ ಒಂದರ ಮೇಲೊಂದು ಬಿದ್ದ ಹಾಗಿತ್ತು. ಕೇಳುಗರ ಅಭಿಪ್ರಾಯ ನೋಡಿದರೆ ಒಬ್ಬರು ‘ರಾಕ್‌ನಲ್ಲಿ ಇದಕ್ಕಿಂತ ದೊಡ್ಡದು ಬಂದಿಲ್ಲ’ ಅನ್ನುತ್ತಾರೆ. ಇನ್ನೊಬ್ಬರು ‘ಒಂದೇ ಎಲ್‌ಪಿಗೆ ಸಾಕಾಗುವಷ್ಟು ಸರಕು, ಮಿಕ್ಕಿದ್ದು ಭರ್ತಿ’ ಅನ್ನುತ್ತಾರೆ. ಮತ್ತೊಬ್ಬರು ‘ಅಮೆರಿಕದ ಕಪ್ಪು ಜನರಿಂದ ಎತ್ತಿಕೊಂಡದ್ದು’ ಅನ್ನುತ್ತಾರೆ. ಯಾರನ್ನು ನಂಬಲಿ? ಅಥವಾ ನನ್ನ ಕಿವಿಯಲ್ಲೇ ಏನಾದರೂ ಕೊರತೆ ಇದೆಯೇ?

ಉತ್ತರ: ನಿಮ್ಮ ಕಿವಿ ಚೆನ್ನಾಗಿದೆ. ನೀವು ಕೇಳಿದ ಗೊಂದಲ ಆ ರೆಕಾರ್ಡಿನಲ್ಲಿ ನಿಜವಾಗಿಯೂ ಇದೆ. ಅದನ್ನು ಹಾಡಿದ ಮಿಕ್ ಜಾಗರ್ ಅವರೇ ಅದರ ಮಿಕ್ಸಿಂಗ್ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸ) ಕೆಟ್ಟದಾಗಿದೆ, ಮತ್ತೊಮ್ಮೆ ಮಾಡಬೇಕೆನಿಸುತ್ತದೆ, ತಮ್ಮ ಮೆಚ್ಚಿನ ಆಲ್ಬಂಗಳಲ್ಲಿ ಇದು ಸೇರುವುದಿಲ್ಲ ಎಂದು ವರ್ಷಗಳ ಮೇಲೆ ಬಹಿರಂಗವಾಗಿಯೇ ಹೇಳಿದ್ದಾರೆ. ಅದೇ ತಂಡದ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಅವರಿಗೆ ಇದರ ಮೇಲೆ ಬಹಳ ಅಭಿಮಾನ. ಕೂಡಿ ಹಾಡು ಕಟ್ಟಿದ ಇಬ್ಬರಿಗೇ ಒಮ್ಮತ ಇಲ್ಲದ ಮೇಲೆ ಕೇಳುಗರು ಎರಡು ಪಾಳಯವಾಗುವುದು ಸಹಜ.

ಯಾರನ್ನು ನಂಬಲಿ ಎಂದು ಕೇಳಿದ್ದೀರಿ. ನಾನಂತೂ ಮೂವರನ್ನೂ ನಂಬುತ್ತೇನೆ, ಏಕೆಂದರೆ ಮೂವರೂ ರೆಕಾರ್ಡಿನಲ್ಲಿ ಇರುವುದನ್ನೇ ಹೇಳುತ್ತಿದ್ದಾರೆ. ಅವರು ಕಿವಿ ಕೊಟ್ಟ ಜಾಗ ಮಾತ್ರ ಬೇರೆ ಬೇರೆ. ಒಬ್ಬರು ತಂಡದ ಓಟವನ್ನು ಕೇಳಿದರು, ಒಬ್ಬರು ಹಾಡುಗಳನ್ನು ಎಣಿಸಿದರು, ಒಬ್ಬರು ಹಾಡಿನ ಮೂಲ ಯಾರದ್ದೆಂದು ಕೇಳಿದರು. ನೀವು ಮಾತನ್ನು ಹುಡುಕಿದಿರಿ. ಸುಗಮ ಸಂಗೀತದಲ್ಲಿ ಪಳಗಿದ ಕಿವಿ ಅದನ್ನೇ ಮೊದಲು ಹುಡುಕುತ್ತದೆ. ನಮ್ಮಲ್ಲಿ ಕವಿತೆ ಮುಂದೆ, ದನಿ ಅದರ ಜೊತೆಗೆ, ತಬಲ, ಕೊಳಲು, ಕೀಬೋರ್ಡ್ ಹಿಂದೆ. ಈ ಆಲ್ಬಂನಲ್ಲಿ ಆ ಕ್ರಮ ತಲೆಕೆಳಗಾಗಿದೆ. ಲಯ ಮುಂದೆ ಇದೆ, ಗಾಯಕ ಅದರೊಳಗೆ ಎಲ್ಲೋ ಇದ್ದಾರೆ. ಇದನ್ನು ಒಪ್ಪಿಕೊಂಡು ಕೂತರೆ ಬಾಗಿಲು ತೆರೆಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಹೀಗೇಕೆ ಕೇಳಿಸುತ್ತದೆ ಎಂಬುದಕ್ಕೆ ಕಾರಣವೂ ಇದೆ. 1971ರ ವಸಂತದಲ್ಲಿ ರೋಲಿಂಗ್ ಸ್ಟೋನ್ಸ್ ಇಂಗ್ಲೆಂಡ್ ಬಿಟ್ಟು ಹೊರಟರು. ಅಲ್ಲಿನ ಆದಾಯ ತೆರಿಗೆ ತಾಳಲಾರದಷ್ಟು ಏರಿತ್ತು, ಹಳೆಯ ಮ್ಯಾನೇಜರ್ ಜೊತೆಗಿನ ವ್ಯವಹಾರ ಮುರಿದಿತ್ತು, 60ರ ದಶಕದ ತಮ್ಮ ಹಾಡುಗಳ ಮೇಲೆಯೇ ಅವರಿಗೆ ಹಿಡಿತ ಉಳಿದಿರಲಿಲ್ಲ. ಆಲ್ಬಂ ಹೆಸರಿನಲ್ಲಿರುವ ‘ಎಕ್ಸೈಲ್’, ಅಂದರೆ ಗಡೀಪಾರು, ಇದೇ. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ನೀಸ್ ನಗರದ ಪಕ್ಕದ ವಿಲ್‌ಫ್ರಾಂಶ್ ಎಂಬ ಊರಿನಲ್ಲಿ ಕೀತ್ ‘ನೆಲ್‌ಕೋಟ್’ ಎಂಬ ದೊಡ್ಡ ಬಂಗಲೆಯನ್ನು ಬಾಡಿಗೆಗೆ ಹಿಡಿದರು. ಹತ್ತಿರದಲ್ಲಿ ಮನಸ್ಸಿಗೆ ಒಪ್ಪುವ ಸ್ಟುಡಿಯೋ ಸಿಗಲಿಲ್ಲ. ತಂಡದ ಬಳಿ ತಮ್ಮದೇ ಒಂದು ಸಂಚಾರಿ ಸ್ಟುಡಿಯೋ ಲಾರಿ ಇತ್ತು. ಅದನ್ನು ತಂದು ಬಂಗಲೆಯ ಹೊರಗೆ ನಿಲ್ಲಿಸಿ, ನೆಲಮಾಳಿಗೆಗೆ ಕೇಬಲ್ ಎಳೆದರು.

ನೆಲಮಾಳಿಗೆ ಎಂದರೆ ಒಂದು ದೊಡ್ಡ ಹಜಾರವೇನೂ ಅಲ್ಲ, ಚಿಕ್ಕ ಚಿಕ್ಕ ಕೋಣೆಗಳ ಸಾಲು. ಒಬ್ಬರು ಇಲ್ಲಿ, ಇನ್ನೊಬ್ಬರ ಆಂಪ್ಲಿಫೈಯರ್ ಆಚೆ ಕೋಣೆಯಲ್ಲಿ, ಪಿಯಾನೋ ಮತ್ತೊಂದು ಕಡೆ. ಬೇಸಿಗೆಯ ಸೆಕೆ, ಕರಾವಳಿಯ ತೇವ. ಗಿಟಾರುಗಳ ಶ್ರುತಿ ಹಾಡಿನ ಮಧ್ಯೆಯೇ ಇಳಿಯುತ್ತಿತ್ತು. ಗಾಳಿಯಾಡದ ಆ ಕೋಣೆಗಳ ನೆನಪೇ ‘ವೆಂಟಿಲೇಟರ್ ಬ್ಲೂಸ್’ ಎಂಬ ಹಾಡಿನ ಹೆಸರಾಯಿತು. ಧ್ವನಿಮುದ್ರಣ ಎಂಜಿನಿಯರ್ ಆಂಡಿ ಜಾನ್ಸ್ ಹೊರಗಿನ ಲಾರಿಯಲ್ಲಿ, ನುಡಿಸುವವರು ನೆಲದ ಕೆಳಗೆ.

ಜೊತೆಗೆ ಯಾರು ಯಾವಾಗ ಬರುತ್ತಾರೆ ಎಂಬ ಭರವಸೆಯೂ ಇರಲಿಲ್ಲ. ಕೀತ್ ಆಗ ಹೆರಾಯಿನ್ ಚಟಕ್ಕೆ ಬಿದ್ದಿದ್ದರು. ಜಾಗರ್ ಮೇ ತಿಂಗಳಲ್ಲಷ್ಟೇ ಮದುವೆಯಾಗಿದ್ದರು, ಪ್ಯಾರಿಸ್‌ಗೂ ಬಂಗಲೆಗೂ ಓಡಾಟ. ಡ್ರಮ್ಸ್ ನುಡಿಸುವ ಚಾರ್ಲಿ ವಾಟ್ಸ್ ಅವರ ಮನೆ ಗಂಟೆಗಟ್ಟಲೆ ದಾರಿ. ಬೇಸ್ ವಾದಕ ಬಿಲ್ ವೈಮನ್ ಅವರಿಗೆ ಆ ವಾತಾವರಣವೇ ಹಿಡಿಸಲಿಲ್ಲ. ಹೀಗಾಗಿ ಇದ್ದವರು ನುಡಿಸಿದರು. ‘ಹ್ಯಾಪಿ’ ಹಾಡನ್ನೇ ನೋಡಿ. ಒಂದು ಮಧ್ಯಾಹ್ನ ಕೀತ್ ಸಿದ್ಧರಾಗಿ ಕೂತಾಗ ಅಲ್ಲಿದ್ದವರು ನಿರ್ಮಾಪಕ ಜಿಮ್ಮಿ ಮಿಲ್ಲರ್ ಮತ್ತು ಸ್ಯಾಕ್ಸೋಫೋನ್ ನುಡಿಸುವ ಬಾಬಿ ಕೀಸ್. ಮಿಲ್ಲರ್ ಡ್ರಮ್ಸ್ ಹಿಂದೆ ಕೂತರು, ಗಿಟಾರ್, ಬೇಸ್, ಹಾಡುಗಾರಿಕೆ ಎಲ್ಲ ಕೀತ್ ಅವರದೇ. ಮುಂದೆ ವೇದಿಕೆಯ ಮೇಲೆ ಕೀತ್ ಅವರ ಗುರುತಿನ ಹಾಡಾದದ್ದು ಇದೇ.

ಅಲ್ಲಿಂದ ಟೇಪುಗಳನ್ನು ಹೊತ್ತು ಲಾಸ್ ಏಂಜಲೀಸ್‌ನ ಸನ್‌ಸೆಟ್ ಸೌಂಡ್ ಸ್ಟುಡಿಯೋಗೆ ಹೋದರು. 1971ರ ಕೊನೆಯಿಂದ 1972ರ ಮಾರ್ಚ್‌ವರೆಗೆ ಅಲ್ಲಿ ಸಹಗಾಯನ, ಪಿಯಾನೋ, ಸ್ಟೀಲ್ ಗಿಟಾರ್ ಎಲ್ಲ ಸೇರಿದವು. ಕೆಲವು ಹಾಡುಗಳು ಇನ್ನೂ ಹಳೆಯವು, ಇಂಗ್ಲೆಂಡಿನಲ್ಲೇ ಆರಂಭವಾದವು. ಮೂರು ಜಾಗದ, ಮೂರು ಕಾಲದ ಧ್ವನಿಗಳನ್ನು ಒಂದೇ ಮೈಗೆ ಹೊಲಿಯುವಾಗ ಪದರದ ಮೇಲೆ ಪದರ ಬಿದ್ದಿತು. ಆದ್ದರಿಂದ ‘ಎಲ್ಲವೂ ನೆಲಮಾಳಿಗೆಯ ಮಾಯೆ’ ಎಂದು ಹೊಗಳುವವರನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅರ್ಧ ಮಾಯೆ ಕ್ಯಾಲಿಫೋರ್ನಿಯಾದ ಒಳ್ಳೆಯ ಸ್ಟುಡಿಯೋದಲ್ಲಿ, ಬಹಳ ಎಚ್ಚರದಿಂದ ಕೂತು ಸೇರಿಸಿದ್ದು.

1972ರ ಮೇ 12ರಂದು ಬಿಡುಗಡೆಯಾಯಿತು. ಎರಡು ಎಲ್‌ಪಿ, ನಾಲ್ಕು ಸೈಡ್, 18 ಹಾಡು, ಸುಮಾರು 67 ನಿಮಿಷ. ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಜನ ಕೊಂಡರು, ವಿಮರ್ಶಕರು ಹಿಂಜರಿದರು. ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆನ್ನಿ ಕೇ ಬರೆದ ವಿಮರ್ಶೆಯ ಸಾರ ಇಷ್ಟು: ಒಳ್ಳೆಯ ಹಾಡುಗಳಿವೆ, ಆದರೆ ನಾಲ್ಕು ಸೈಡ್ ಪೂರ್ತಿ ಒಂದೇ ಬಣ್ಣ, ಈ ತಂಡ ಪಕ್ವವಾದ ಮೇಲೆ ಕೊಡಬೇಕಾದ ಮಹಾ ಆಲ್ಬಂ ಇನ್ನೂ ಬರಬೇಕಿದೆ. ನಿಮ್ಮ ಪ್ರಶ್ನೆಯಲ್ಲಿರುವ ದೂರು ಐವತ್ತು ವರ್ಷ ಹಿಂದೆಯೇ, ತಿಳಿದವರೊಬ್ಬರ ಬಾಯಲ್ಲಿ ಬಂದದ್ದು. ಮುಂದೆ ಅದೇ ಪತ್ರಿಕೆ 2003ರಲ್ಲಿ ಸಾರ್ವಕಾಲಿಕ ಆಲ್ಬಂಗಳ ಪಟ್ಟಿ ಮಾಡಿದಾಗ ಇದನ್ನು ಏಳನೇ ಸ್ಥಾನದಲ್ಲಿ ಕೂರಿಸಿತು.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಲೆಸ್ಟರ್ ಬ್ಯಾಂಗ್ಸ್ ಅವರ ಪ್ರಸಂಗ. ‘ಕ್ರೀಮ್’ ಪತ್ರಿಕೆಯ ಈ ವಿಮರ್ಶಕ ಮೊದಲು ಆಲ್ಬಂ ಅನ್ನು ತಳ್ಳಿಹಾಕಿದರು. ವರ್ಷ ತುಂಬುವ ಮೊದಲೇ ಅದೇ ಪತ್ರಿಕೆಯಲ್ಲಿ ಮತ್ತೊಂದು ಲೇಖನ ಬರೆದು ಅಭಿಪ್ರಾಯ ಬದಲಿಸಿದರು, ಮನಸಾರೆ ಮೆಚ್ಚಿದರು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಅಭಿಪ್ರಾಯ ಬದಲಾಗಲು ವರ್ಷಗಳೇ ಬೇಕಾದವು, ಅದರಲ್ಲಿ ಹೆಸರಿನ ಭಾರವೂ ಸೇರಿರಬಹುದು. ಒಬ್ಬ ಕೇಳುಗ ಕೆಲವೇ ತಿಂಗಳಲ್ಲಿ ಬದಲಾದದ್ದು ಮಾತ್ರ ಬರೀ ಕೇಳಿ ಕೇಳಿ. ಈ ಆಲ್ಬಂ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ನೀವು ಗಮನಿಸಬೇಕಾದ ಮಾದರಿ ಇದೇ. ‘ಮೊದಲ ಸಲ ಹಿಡಿಸಲಿಲ್ಲ’ ಎಂದು ಆರಂಭವಾಗುವ ಮೆಚ್ಚುಗೆ ಇದಕ್ಕೆ ಬಂದಷ್ಟು ಬೇರೆ ಯಾವ ರಾಕ್ ಆಲ್ಬಂಗೂ ಬಂದದ್ದನ್ನು ನಾನು ಕಂಡಿಲ್ಲ.

ಈಗ ಕೇಳುವ ಬಗೆಗೆ ಬರೋಣ. ‘ಟಂಬ್ಲಿಂಗ್ ಡೈಸ್’ ಹಾಕಿಕೊಳ್ಳಿ. ಜಾಗರ್ ಏನು ಹಾಡುತ್ತಿದ್ದಾರೆ ಎಂಬುದನ್ನು ಬಿಟ್ಟುಬಿಡಿ. ಚಾರ್ಲಿ ವಾಟ್ಸ್ ಅವರ ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಪೆಟ್ಟಿನ ಕಡೆ ಮಾತ್ರ ಕಿವಿ ಕೊಡಿ. ಎರಡನೇ ಮತ್ತು ನಾಲ್ಕನೇ ಎಣಿಕೆಗೆ ಬೀಳುವ ಪೆಟ್ಟು ಅದು. ಗಡಿಯಾರಕ್ಕೆ ಹಿಡಿದರೆ ಒಂದು ಕೂದಲೆಳೆ ತಡವಾಗಿ ಬರುತ್ತದೆ ಎನಿಸುತ್ತದೆ. ಈ ತಂಡದಲ್ಲಿ ಡ್ರಮ್ಸ್ ಹಾಕಿದ ದಾರಿಯಲ್ಲಿ ಗಿಟಾರ್ ನಡೆಯುವುದಿಲ್ಲ, ಕೀತ್ ಅವರ ಗಿಟಾರ್ ಹಿಂದೆ ಡ್ರಮ್ಸ್ ನಡೆಯುತ್ತದೆ. ಹಾಗಾಗಿ ಹಾಡು ಓಡುವುದಿಲ್ಲ, ತೂಗುತ್ತಾ ಬರುತ್ತದೆ. ಸ್ನೇರ್ ಹೊಡೆಯುವ ಕ್ಷಣದಲ್ಲಿ ವಾಟ್ಸ್ ಇನ್ನೊಂದು ಕೈಯನ್ನು ಹೈ-ಹ್ಯಾಟ್ ತಾಳದಿಂದ ಎತ್ತಿಬಿಡುತ್ತಾರೆ. ಆ ಪೆಟ್ಟಿನ ಸುತ್ತ ಒಂದು ಚಿಕ್ಕ ಖಾಲಿ ಜಾಗ ಉಳಿಯುತ್ತದೆ. ಇಷ್ಟು ದಟ್ಟವಾದ ರೆಕಾರ್ಡಿನೊಳಗೆ ಗಾಳಿ ಬರುವುದು ಅಲ್ಲಿಂದಲೇ.

ಆಮೇಲೆ ಕೀತ್ ಅವರ ಗಿಟಾರ್. ಆರು ತಂತಿಯಲ್ಲಿ ದಪ್ಪನೆಯದನ್ನು ತೆಗೆದುಹಾಕಿ, ಉಳಿದ ಐದನ್ನು ಓಪನ್ ಜಿ ಎಂಬ ಶ್ರುತಿಗೆ ಕಟ್ಟುವುದು ಅವರ ರೂಢಿ. ಸಂಗೀತ ಕಲಿತ ನಮ್ಮವರಿಗೆ ಹೇಳುವುದಾದರೆ, ಆ ಐದು ತಂತಿಗಳು ಕೆಳಗಿನಿಂದ ಮೇಲಕ್ಕೆ ಸ, ಪ, ಸ, ಗ, ಪ. ಗಾಂಧಾರ ಅಂತರ ಗಾಂಧಾರ. ಏನೂ ಒತ್ತದೆ ಕೈ ಆಡಿಸಿದರೂ ಇಡೀ ಸ್ವರಮೇಳ ಮೊಳಗುತ್ತದೆ. ಒಂದೆರಡು ಬೆರಳು ಇಟ್ಟು ತೆಗೆದರೆ ಸಾಕು, ಅದರ ಮೇಲೆ ಸ್ವರಗಳು ತೂಗಾಡುತ್ತವೆ, ಕೆಳಗೆ ಷಡ್ಜ ಪಂಚಮ ಸದಾ ಹಿಡಿದೇ ಇರುತ್ತದೆ. ತಂಬೂರಿ ಕೇಳಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ ಎಂದು ನನ್ನ ನಂಬಿಕೆ. ಬ್ಯಾಂಜೋದಿಂದ ಹಳೆಯ ಬ್ಲೂಸ್ ಗಿಟಾರಿಗರಿಗೆ ಬಂದ ಶ್ರುತಿ ಇದು. ‘ಟಂಬ್ಲಿಂಗ್ ಡೈಸ್’ ನುಡಿಸುವಾಗ ನಾಲ್ಕನೇ ಮನೆಗೆ ಕಾಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಶ್ರುತಿ ಏರಿಸಿಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ. ಬೇಸ್ ನುಡಿಸಿದ್ದು ವೈಮನ್ ಅಲ್ಲ, ತಂಡದ ಇನ್ನೊಬ್ಬ ಗಿಟಾರ್ ವಾದಕ ಮಿಕ್ ಟೇಲರ್.

ಡ್ರಮ್ಸ್ ಮತ್ತು ಈ ಗಿಟಾರ್ ಎರಡೂ ಕೈಗೆ ಸಿಕ್ಕಿದ ಮೇಲೆ ದನಿಗೆ ಬನ್ನಿ. ಊರ ಗುಡಿಯ ಭಜನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಾಗ ಮುಂದಿನವರು ಹೇಳಿಕೊಡುವ ಸಾಲು ತಾಳ, ಹಾರ್ಮೋನಿಯಂ, ಪಕ್ಕದವರ ದನಿಗಳ ನಡುವಿನಿಂದ ತುಂಡು ತುಂಡಾಗಿ ಬರುತ್ತದಲ್ಲ, ಜಾಗರ್ ಇಲ್ಲಿ ಬರುವುದು ಹಾಗೆ. ಮಾತು ಪೂರ್ತಿ ತಿಳಿಯದಿದ್ದರೂ ಅದರ ಉತ್ಸಾಹ, ದಣಿವು, ಬೇಡಿಕೆ ತಿಳಿಯುತ್ತದೆ. ಸಾಹಿತ್ಯ ತಿಳಿಯದಿರುವುದು ಇಂಗ್ಲಿಷ್ ನಮ್ಮ ಮನೆಮಾತಲ್ಲ ಎಂಬ ಕಾರಣಕ್ಕೆ ಅಂದುಕೊಳ್ಳಬೇಡಿ. ಅಮೆರಿಕದ ಖ್ಯಾತ ಗಾಯಕಿ ಲಿಂಡಾ ರಾನ್‌ಸ್ಟಾಟ್ ಅವರ ತಂಡದವರು ಇದೇ ಹಾಡನ್ನು ಕಾರ್ಯಕ್ರಮಕ್ಕೆ ಮುಂಚೆ ಸೌಂಡ್ ಪರೀಕ್ಷೆಗೆ ನುಡಿಸುತ್ತಿದ್ದರಂತೆ, ಆದರೆ ಸಾಲುಗಳು ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ರಾನ್‌ಸ್ಟಾಟ್ ಜಾಗರ್ ಅವರಿಂದಲೇ ಸಾಲುಗಳನ್ನು ಬರೆಸಿಕೊಂಡು, ಹೆಣ್ಣಿನ ಬಾಯಿಗೆ ಹೊಂದುವಂತೆ ತುಸು ಬದಲಿಸಿ, 1977ರಲ್ಲಿ ತಮ್ಮ ಆಲ್ಬಂನಲ್ಲಿ ಹಾಡಿದರು. ಅದರಲ್ಲಿ ಪ್ರತಿ ಮಾತೂ ಕೇಳಿಸುತ್ತದೆ. ಎರಡನ್ನೂ ಒಂದರ ನಂತರ ಒಂದು ಕೇಳಿ. ಮಾತು ಸ್ಪಷ್ಟವಾದಾಗ ಏನು ಸಿಕ್ಕಿತು, ಏನು ಹೋಯಿತು ಎಂದು ನಿಮಗೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಹೋದದ್ದೇ ಹೆಚ್ಚು.

ಹಾಗೆಂದು ದನಿ ಎಲ್ಲೆಲ್ಲೂ ಮುಳುಗಿದೆ ಎನ್ನಲಾಗದು. ಮೂರನೇ ಸೈಡಿನ ಕೊನೆಯ ‘ಲೆಟ್ ಇಟ್ ಲೂಸ್’ ಕೇಳಿ. ಗಿಟಾರನ್ನು ತಿರುಗುವ ಲೆಸ್ಲಿ ಸ್ಪೀಕರಿನ ಮೂಲಕ ಹಾಯಿಸಿದ್ದರಿಂದ ಅದು ನೀರಿನ ಅಲೆಯಂತೆ ನಡುಗುತ್ತದೆ. ಹಿಂದೆ ಗಾಸ್ಪೆಲ್ ಶೈಲಿಯ, ಅಂದರೆ ಅಮೆರಿಕದ ಕಪ್ಪು ಜನರ ಚರ್ಚ್ ಹಾಡುಗಳ ಶೈಲಿಯ, ಸಹಗಾಯನ. ಕ್ಲೈಡಿ ಕಿಂಗ್, ವೆನೆಟ್ಟಾ ಫೀಲ್ಡ್ಸ್ ಮುಂತಾದವರ ಜೊತೆ ನ್ಯೂ ಆರ್ಲಿಯನ್ಸ್‌ನ ಸಂಗೀತಗಾರ ‘ಡಾಕ್ಟರ್ ಜಾನ್’ ಕೂಡ ದನಿಗೂಡಿಸಿದ್ದಾರೆ. ಆ ಎಲ್ಲರ ಎದುರು ನಿಂತು ಜಾಗರ್ ಎದೆ ಬಿರಿಯುವಂತೆ ಹಾಡುತ್ತಾರೆ. ಅವರ ಅತ್ಯುತ್ತಮ ಹಾಡುಗಾರಿಕೆ ಯಾವುದೆಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಭಿಪ್ರಾಯ ಬರೆಯುವವರಲ್ಲಿ ಬಹಳ ಮಂದಿ ಇದನ್ನು ಮುಟ್ಟದೆ ಮುಂದೆ ಹೋಗುವುದು ಬೇಸರದ ವಿಷಯ.

‘ಉದ್ದವಾಯಿತು, ಭರ್ತಿ ಹಾಡುಗಳಿವೆ’ ಎಂಬ ದೂರಿಗೆ ಬರುತ್ತೇನೆ. ಈ ದೂರು ಹೇಳುವವರು ಹೆಚ್ಚಾಗಿ ಮೊಬೈಲಿನಲ್ಲಿ ಒಂದೇ ಸಮ ಕೇಳಿದವರು. ಮೂಲದಲ್ಲಿ ನಾಲ್ಕು ಸೈಡ್, ಒಂದೊಂದೂ ಸುಮಾರು ಹದಿನೇಳು ನಿಮಿಷ, ನಡುವೆ ಎದ್ದು ರೆಕಾರ್ಡು ತಿರುಗಿಸುವ ಬಿಡುವು. ಪ್ರತಿ ಸೈಡಿಗೂ ಅದರದೇ ಗುಣ. ಮೊದಲನೆಯದು ಜೋರು, ‘ರಾಕ್ಸ್ ಆಫ್’ ಎಂಬ ಹಾಡಿನಿಂದ ನೇರ ಧುಮುಕುತ್ತದೆ. ಎರಡನೆಯದು ಬಹುತೇಕ ಮರದ ಗಿಟಾರಿನ ಸೈಡ್. ‘ಸ್ವೀಟ್ ವರ್ಜೀನಿಯಾ’ದಲ್ಲಿ ಎಲ್ಲರೂ ಸುತ್ತ ಕೂತು ಕೊರಳು ಸೇರಿಸಿದ ಭಾವ, ಜಾಗರ್ ಅವರ ಮೌತ್ ಆರ್ಗನ್. ‘ಟಾರ್ನ್ ಅಂಡ್ ಫ್ರೇಡ್’ನಲ್ಲಿ ಆಲ್ ಪರ್ಕಿನ್ಸ್ ಅವರ ಪೆಡಲ್ ಸ್ಟೀಲ್ ಗಿಟಾರ್. ಆ ಬೇಸಿಗೆಯಲ್ಲಿ ಕಂಟ್ರಿ ಸಂಗೀತಗಾರ ಗ್ರಾಮ್ ಪಾರ್ಸನ್ಸ್ ನೆಲ್‌ಕೋಟ್‌ನಲ್ಲಿ ಬಂದು ತಂಗಿದ್ದರು. ಕೀತ್ ಮತ್ತು ಅವರು ಕೂತು ಹಳೆಯ ಕಂಟ್ರಿ ಹಾಡುಗಳನ್ನು ಹಾಡುತ್ತಿದ್ದರು. ಈ ಸೈಡಿನ ನಡಿಗೆಯಲ್ಲಿ ಅದರ ನೆರಳು ಇದೆ. ನಿಮಗೆ ನಾನು ಸೂಚಿಸುವ ಬಾಗಿಲು ಈ ಎರಡನೇ ಸೈಡ್. ದನಿ ಇಲ್ಲಿ ಎಲ್ಲಕ್ಕಿಂತ ಹತ್ತಿರವಿದೆ, ವಾದ್ಯಗಳು ಬಿಡಿಬಿಡಿಯಾಗಿವೆ, ಕೊನೆಯ ‘ಲವಿಂಗ್ ಕಪ್’ನಲ್ಲಿ ನಿಕಿ ಹಾಪ್ಕಿನ್ಸ್ ಅವರ ಪಿಯಾನೋ ಮಾತ್ರಕ್ಕೇ ಮನಸೋಲಬಹುದು.

ಭರ್ತಿ ಎಂದು ಎಲ್ಲರೂ ಬೆರಳು ತೋರಿಸುವುದು ಮೂರನೇ ಸೈಡಿನ ‘ಐ ಜಸ್ಟ್ ವಾಂಟ್ ಟು ಸೀ ಹಿಸ್ ಫೇಸ್’ ಕಡೆಗೆ. ಮೂರು ನಿಮಿಷವೂ ಇಲ್ಲ. ಪಲ್ಲವಿ ಚರಣ ಎಂಬ ಕಟ್ಟಡವಿಲ್ಲ, ಎಲೆಕ್ಟ್ರಿಕ್ ಪಿಯಾನೋ ಮಸುಕಾಗಿ ಗುನುಗುತ್ತದೆ, ಡ್ರಮ್ಸ್ ದೂರದಿಂದ ಬಂದಂತಿದೆ, ಪ್ರಾರ್ಥನಾ ಸಭೆಯೊಂದು ಪಕ್ಕದ ಕಟ್ಟಡದಲ್ಲಿ ನಡೆಯುತ್ತಿದೆಯೇನೋ ಎನಿಸುತ್ತದೆ. ಬಿಡಿಯಾಗಿ ಕೇಳಿದರೆ ಅರೆಬೆಂದ ಹಾಡು ಅನ್ನುವುದು ನ್ಯಾಯವೇ. ಆದರೆ ‘ವೆಂಟಿಲೇಟರ್ ಬ್ಲೂಸ್’ ಕೊನೆಯಿಂದ ಅದು ನಿಲ್ಲದೆ ಹರಿದು ಬರುತ್ತದೆ. ಉಸಿರುಗಟ್ಟಿಸುವ ಆ ಬ್ಲೂಸ್ ಮುಗಿಯುತ್ತಿದ್ದಂತೆ ನೆಲವೇ ಸಡಿಲವಾದ ಹಾಗೆ ಈ ಗುನುಗು, ಅದರ ಹಿಂದೆಯೇ ‘ಲೆಟ್ ಇಟ್ ಲೂಸ್’ನ ಬಿಕ್ಕಳಿಕೆ. ಮೂರನ್ನೂ ಕೂಡಿಸಿ ಕೇಳಿದವರು ಭರ್ತಿ ಎಂಬ ಮಾತು ಎತ್ತಿದ್ದನ್ನು ನಾನು ಕೇಳಿಲ್ಲ. ‘ಕ್ಯಾಸಿನೋ ಬೂಗಿ’, ‘ಸೋಲ್ ಸರ್ವೈವರ್’ ಬಗ್ಗೆ ನಾನು ಇಷ್ಟು ವಾದ ಮಾಡುವುದಿಲ್ಲ. ಅವು ಚೆನ್ನಾಗಿವೆ, ಅಷ್ಟೇ.

ಇನ್ನೊಂದು ಮಾತು. 2010ರಲ್ಲಿ ಇದರ ಹೊಸ ಆವೃತ್ತಿ ಬಂತು, 38 ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೂ ಏರಿತು. ಅದರ ಡಿಲಕ್ಸ್ ರೂಪದಲ್ಲಿ ‘ಸೋಲ್ ಸರ್ವೈವರ್’ ಮುಗಿದ ಮೇಲೆ ಇನ್ನೂ ಹತ್ತು ಹಾಡುಗಳಿವೆ. ಬದಿಗಿಟ್ಟಿದ್ದ ಹಳೆಯ ಟೇಪುಗಳು ಅವು. ಕೆಲವಕ್ಕೆ ಜಾಗರ್ ಆ ಹೊತ್ತಿನಲ್ಲಿ ಹೊಸದಾಗಿ ದನಿ ಕೊಟ್ಟಿದ್ದಾರೆ. ಆಲ್ಬಂ ಉದ್ದವಾಯಿತು ಎನ್ನುವವರಲ್ಲಿ ಕೆಲವರು ಈ 28 ಹಾಡನ್ನೂ ಒಂದೇ ಎಂದು ತಿಳಿದು ಕೇಳಿದವರು. ನೀವು ಹದಿನೆಂಟಕ್ಕೆ ನಿಲ್ಲಿಸಿ. ‘ಟಂಬ್ಲಿಂಗ್ ಡೈಸ್’ನ ಕರಡು ರೂಪವಾದ ‘ಗುಡ್ ಟೈಮ್ ವಿಮೆನ್’ ಮಾತ್ರ ಬೇರೆ ದಿನ ಕೇಳಬೇಕಾದದ್ದು. ಅದೇ ಹಾಡು ಅವಸರದಲ್ಲಿ ಓಡುವುದನ್ನು ಕೇಳಿದರೆ, ನಿಧಾನವಾಗಿಸಿದ್ದರಿಂದ ಏನು ಗಳಿಸಿದರು ಎಂಬುದು ಅರ್ಥವಾಗುತ್ತದೆ. ಈ ಆವೃತ್ತಿ ಹಳೆಯದಕ್ಕಿಂತ ಜೋರಾಗಿದೆ, ಆನ್‌ಲೈನಿನಲ್ಲಿ ಸಾಮಾನ್ಯವಾಗಿ ಸಿಗುವುದೂ ಇದೇ. ಚಿಕ್ಕ ಇಯರ್‌ಫೋನಿನಲ್ಲಿ ವಾಲ್ಯೂಮ್ ಏರಿಸಿದರೆ ಮಧ್ಯದ ಗಿಟಾರುಗಳೆಲ್ಲ ಒಂದೇ ಮುದ್ದೆಯಾಗುತ್ತವೆ. ಸ್ಪೀಕರ್ ಇದ್ದರೆ ಅದರಲ್ಲಿ, ಮಧ್ಯಮ ವಾಲ್ಯೂಮಿನಲ್ಲಿ ಕೇಳಿ.

ಮೂರನೇ ದೂರು ನನಗೆ ಎಲ್ಲಕ್ಕಿಂತ ತೂಕದ್ದು. ಕಪ್ಪು ಜನರ ಸಂಗೀತದ ಸಾಲ. ಆ ಸಾಲ ಇದೆ, ಅಲ್ಲಗಳೆಯುವಂತಿಲ್ಲ. ಬ್ಲೂಸ್ ಮತ್ತು ಗಾಸ್ಪೆಲ್ ಕೊಟ್ಟವರು ಅವರು. ಆಲ್ಬಂನಲ್ಲಿ ನೇರವಾಗಿ ಬೇರೆಯವರಿಂದ ತೆಗೆದುಕೊಂಡ ಹಾಡು ಎರಡು, ಆ ಎರಡರ ಕಥೆಯೂ ಬೇರೆ. ‘ಶೇಕ್ ಯುವರ್ ಹಿಪ್ಸ್’ ಲೂಸಿಯಾನಾದ ಬ್ಲೂಸ್ ಗಾಯಕ ಸ್ಲಿಮ್ ಹಾರ್ಪೋ ಅವರದು, 1966ರದ್ದು. ಸ್ಟೋನ್ಸ್ ಹಾರ್ಪೋ ಹೆಸರನ್ನು ಹಾಕಿಯೇ ಹಾಡಿದರು. ಈ ತಂಡ 1964ರ ತಮ್ಮ ಮೊದಲ ಆಲ್ಬಂನಲ್ಲೇ ಹಾರ್ಪೋ ಹಾಡೊಂದನ್ನು ಹಾಡಿತ್ತು, ಅಂದರೆ ಪ್ರೀತಿ ಹಳೆಯದು. ಹಾರ್ಪೋ 1970ರಲ್ಲೇ ತೀರಿಕೊಂಡಿದ್ದರಿಂದ ಇದನ್ನು ಕೇಳಲಿಲ್ಲ.

ಎರಡನೆಯದು ‘ಸ್ಟಾಪ್ ಬ್ರೇಕಿಂಗ್ ಡೌನ್’. ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1937ರ ಜೂನ್‌ನಲ್ಲಿ ಡಲಾಸ್‌ನಲ್ಲಿ ಇದನ್ನು ಧ್ವನಿಮುದ್ರಿಸಿದರು. ಮರುವರ್ಷ, ಇಪ್ಪತ್ತೇಳನೇ ವಯಸ್ಸಿನಲ್ಲಿ ತೀರಿಹೋದರು. ಸ್ಟೋನ್ಸ್ ಆಲ್ಬಂನಲ್ಲಿ ಇದಕ್ಕೆ ಜಾನ್ಸನ್ ಹೆಸರು ಇರಲಿಲ್ಲ. ಸಾಂಪ್ರದಾಯಿಕ ಎಂದು ನಮೂದಿಸಿ ತಂಡದವರು ತಮ್ಮ ಹೆಸರುಗಳನ್ನು ಸೇರಿಸಿಕೊಂಡರು. ಜನಪದದ ಆಸ್ತಿ ಎಂಬ ಆ ವಾದ ನ್ಯಾಯಾಲಯದವರೆಗೆ ಹೋಯಿತು. 2000ದಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಜಾನ್ಸನ್ ಅವರ ಹಾಡುಗಳು ಸಾರ್ವಜನಿಕ ಸ್ವತ್ತಲ್ಲ, ಅವಕ್ಕೆ ಹಕ್ಕುದಾರಿಕೆ ಇದೆ ಎಂದು ತೀರ್ಪಿತ್ತಿತು. ಹಾಗಾಗಿ ಆ ಕೇಳುಗರ ಸಿಟ್ಟಿನಲ್ಲಿ ನ್ಯಾಯವಿದೆ. ಅದೇ ಹಾಡಿನಲ್ಲಿ ಮಿಕ್ ಟೇಲರ್ ನುಡಿಸಿದ ಸ್ಲೈಡ್ ಗಿಟಾರ್ ಅದ್ಭುತ ಎಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ.

‘ಸ್ವೀಟ್ ಬ್ಲ್ಯಾಕ್ ಏಂಜೆಲ್’ ಇನ್ನೂ ಕಷ್ಟದ ಹಾಡು. ಆಗ ಜೈಲು ಸೇರಿ ವಿಚಾರಣೆ ಎದುರಿಸುತ್ತಿದ್ದ, ಅಮೆರಿಕದ ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ಆಂಜೆಲಾ ಡೇವಿಸ್ ಅವರ ಪರವಾಗಿ ಬರೆದದ್ದು. ಆಲ್ಬಂ ಬಂದ ಮರುತಿಂಗಳು, 1972ರ ಜೂನ್‌ನಲ್ಲಿ, ಅವರು ನಿರ್ದೋಷಿ ಎಂದು ಬಿಡುಗಡೆಯಾದರು. ಉದ್ದೇಶ ಒಳ್ಳೆಯದೇ. ಆದರೆ ಜಾಗರ್ ಅದನ್ನು ಕಪ್ಪು ಜನರ ಆಡುಮಾತನ್ನು ಅನುಕರಿಸಿ, ಅವರನ್ನು ಹೀಯಾಳಿಸಲು ಬಳಸುತ್ತಿದ್ದ ಮಾತನ್ನೂ ಸೇರಿಸಿ ಹಾಡಿದ್ದಾರೆ. ಇದು ಕೇಳಲು ಇರಿಸುಮುರಿಸು ಎಂದು ಹೇಳುವವರ ಜೊತೆ ನಾನಿದ್ದೇನೆ.

ಅಭಿಪ್ರಾಯ ಎಂದರೆ ಮೆಚ್ಚುಗೆ ಅಥವಾ ದೂರು ಬರೆಯುವುದಷ್ಟೇ ಅಂದುಕೊಳ್ಳಬೇಡಿ. ಈ ಆಲ್ಬಂಗೆ ಬಂದ ಅತ್ಯಂತ ಗಂಭೀರ ಅಭಿಪ್ರಾಯ ಇನ್ನೊಂದು ಆಲ್ಬಂ. ಶಿಕಾಗೋದ ಲಿಜ್ ಫೇರ್ ಎಂಬ ಯುವತಿ 1993ರಲ್ಲಿ ‘ಎಕ್ಸೈಲ್ ಇನ್ ಗೈವಿಲ್’ ಹೊರತಂದರು. ಅದೂ 18 ಹಾಡು. ಸ್ಟೋನ್ಸ್ ಹಾಡುಗಳಿಗೆ ಒಂದೊಂದಾಗಿ ಕೊಟ್ಟ ಉತ್ತರ ಇದು ಎಂದು ಅವರೇ ಹೇಳಿದ್ದಾರೆ. ಊರೂರು ಅಲೆಯುವ ಗಂಡು, ಹಿಂದೆ ಉಳಿಯುವ ಹೆಣ್ಣು ಎಂಬ ಲೋಕ ‘ಎಕ್ಸೈಲ್’ನದು. ಹಿಂದೆ ಉಳಿದವಳು ಬಾಯಿ ತೆರೆದರೆ ಏನು ಹೇಳಿಯಾಳು ಎಂಬುದು ಫೇರ್ ಅವರ ಹಾಡುಗಳಲ್ಲಿದೆ. ಅವರ ಗಿಟಾರ್ ಒಣಗಿದಂತಿದೆ, ದನಿ ಏರಿಳಿತವಿಲ್ಲದೆ ನೇರ, ಮಾತು ಒಂದೂ ತಪ್ಪದೆ ಕಿವಿಗೆ ಬೀಳುತ್ತದೆ. ‘ಎಕ್ಸೈಲ್’ ದನಿಯನ್ನು ಮುಚ್ಚಿದ ಕಡೆಯಲ್ಲೆಲ್ಲ ಇವರು ತೆರೆದಿಟ್ಟಿದ್ದಾರೆ. ಎರಡೂ ಸಾಲುಸಾಲಾಗಿ ಹೊಂದುತ್ತವೆಯೇ ಎಂದು ಕೇಳುಗರು ಇಂದಿಗೂ ತರ್ಕ ಮಾಡುತ್ತಾರೆ, ನನಗೆ ಆ ಲೆಕ್ಕಕ್ಕಿಂತ ಒಬ್ಬ ಕೇಳುಗಳು ಇಷ್ಟು ಆಳವಾಗಿ ಕಿವಿಗೊಟ್ಟಳಲ್ಲ ಎಂಬುದು ದೊಡ್ಡದು. ಮಾತಿಗೆ ಒಲಿಯುವ ನಿಮ್ಮ ಕಿವಿಗೆ ಫೇರ್ ಅವರ ಆಲ್ಬಂ ಮೊದಲು ಹಿಡಿಸಿದರೂ ಆಶ್ಚರ್ಯವಿಲ್ಲ. ಅದರಿಂದ ಹಿಂದಕ್ಕೆ ನಡೆದು ಬಂದರೂ ದಾರಿ ದಾರಿಯೇ.

2003ರ ಏಪ್ರಿಲ್‌ನಲ್ಲಿ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸುರಿಯುವ ಮಳೆಯ ನಡುವೆ ಹಾಡಿದ್ದನ್ನು ಕಂಡವರು ನಿಮಗೆ ಪರಿಚಯವಿದ್ದರೆ ಅವರ ಮಾತನ್ನೂ ಕೇಳಿ ನೋಡಿ. ಆದರೆ ಅವರು ಹೇಳುವ ಸ್ಟೋನ್ಸ್ ಬೇರೆ. ವೇದಿಕೆಯಲ್ಲಿ ಜಾಗರ್ ಯಾವಾಗಲೂ ಮುಂದೆ, ಬೆಳಕೆಲ್ಲ ಅವರ ಮೇಲೆ. ವೇದಿಕೆಯ ನೆನಪಿನಲ್ಲಿ ಈ ಆಲ್ಬಂ ಕೇಳಿ ನಿರಾಶರಾದವರು ಬಹಳ.

ನಿಮ್ಮ ಮುಂದಿನ ಹೆಜ್ಜೆಗೆ ನನ್ನ ಸಲಹೆ ಹೀಗೆ. ಈ ವಾರ ಎರಡನೇ ಸೈಡಿನ ನಾಲ್ಕು ಹಾಡು ಮಾತ್ರ, ‘ಸ್ವೀಟ್ ವರ್ಜೀನಿಯಾ’ದಿಂದ ‘ಲವಿಂಗ್ ಕಪ್’ವರೆಗೆ. ಹಾಡಿನ ಸಾಲುಗಳನ್ನು ಮುಂದಿಟ್ಟುಕೊಂಡು ಓದುತ್ತಾ ಕೇಳಬೇಡಿ, ಅದು ಆಮೇಲೆ. ನಂತರ ಮೊದಲ ಸೈಡಿಗೆ ಬಂದು ‘ಶೇಕ್ ಯುವರ್ ಹಿಪ್ಸ್’ ಹತ್ತಿರ ನಿಲ್ಲಿಸಿ, ಸ್ಲಿಮ್ ಹಾರ್ಪೋ ಅವರ ಮೂಲವನ್ನು ಹುಡುಕಿ ಹಾಕಿಕೊಳ್ಳಿ. ಡ್ರಮ್ಸ್‌ನ ಅಂಚಿಗೆ ತಾಗುವ ಟಕ ಟಕ ಸದ್ದು, ಮೂಗಿನಲ್ಲಿ ಹೊರಳುವ ಆ ಸೋಮಾರಿ ದನಿ, ಅದರಡಿ ಒಂದೇ ಸಮ ತಿರುಗುವ ಗಿಟಾರ್ ಗಮನಿಸಿ. ಹಾರ್ಪೋ ಕೂಡ ದನಿಯನ್ನು ಲಯದ ಮೇಲೆ ಕೂರಿಸುವುದಿಲ್ಲ, ಅದರೊಳಗೆ ಇಡುತ್ತಾರೆ. ಆಮೇಲೆ ಸ್ಟೋನ್ಸ್ ಹಾಡಿದ್ದನ್ನು ಮತ್ತೆ ಹಾಕಿ. ಇಲ್ಲಿಯವರೆಗೆ ಬಂದ ಮೇಲೆ ಮೂರನೇ ಸೈಡನ್ನು ರಾತ್ರಿಯ ಹೊತ್ತು, ಮಧ್ಯೆ ನಿಲ್ಲಿಸದೆ ಕೇಳಿ. ‘ಐ ಜಸ್ಟ್ ವಾಂಟ್ ಟು ಸೀ ಹಿಸ್ ಫೇಸ್’ ಆಗಲೂ ನಿಮಗೆ ಭರ್ತಿ ಎನಿಸಿದರೆ ಬರೆದು ತಿಳಿಸಿ, ಅದರ ಬಗ್ಗೆ ನಿಮ್ಮ ಜೊತೆ ವಾದ ಮಾಡಲು ನನಗೆ ಖುಷಿ.